ನಾವು ಕಡಿದ ಮರ, ನಾವು ಕಡಿಸಿದ ಮರ

ನಾವು ಯಾವ ಊರಿಗೆ ವರ್ಗವಾಗಿ ಹೋದರೂ ಅಲ್ಲಿನ ಬಾಡಿಗೆ ಮನೆಯಲ್ಲಿ ಒಂದು ಮರ ನಮಗಾಗಿ ಕಾದು ನಿಂತಿರುತ್ತಿತ್ತು. ನೆರಳು ಕೊಟ್ಟುಕೊಂಡು ತನ್ನ ಪಾಡಿಗೆ ತಾನಿರುವ ಮರವಲ್ಲ. ಒಂದೋ ಗೋಡೆ ಸೀಳುವ ಮರ, ಇಲ್ಲವೇ ಸೂರಿನ ಮೇಲೆ ವಾಲಿದ ಮರ, ಅದೂ ಅಲ್ಲದಿದ್ದರೆ ಹುಳ ಸುರಿಸುವ ಮರ. ನಮ್ಮ ಸಂಸಾರದಲ್ಲಿ ಬೇರೆ ಏನು ತಪ್ಪಿದರೂ ಇದೊಂದು ತಪ್ಪಲಿಲ್ಲ.

ನಮ್ಮನೆಯವರು ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮದುವೆಯಾಗಿ ನಾನು ಅವರ ಹಿಂದೆ ಹೊರಟದ್ದು ಚನ್ನಗಿರಿಗೆ. ಆಮೇಲೆ ಹೊನ್ನಾಳಿ, ನ್ಯಾಮತಿ, ಯುದ್ಧದ ಕಾಲಕ್ಕೆ ಜಗಳೂರು. ಪ್ರತಿ ಸಲವೂ ಎತ್ತಿನ ಗಾಡಿಯಲ್ಲಿ ಪಾತ್ರೆ, ಅದರ ಮೇಲೆ ಹಾಸಿಗೆ ಸುರುಳಿ, ಅದರ ಮೇಲೆ ಅವರ ಪುಸ್ತಕದ ಪೆಟ್ಟಿಗೆ, ಎಲ್ಲದರ ಮೇಲೆ ನಮ್ಮ ಅತ್ತೆ. ಮಾವನವರು ಬೇಗ ತೀರಿಕೊಂಡಿದ್ದರು. ಅತ್ತೆಗೆ ಇದ್ದವನು ಒಬ್ಬನೇ ಮಗ. ಮಗನಿಗೂ ತಾಯಿ ಅಂದರೆ ಪ್ರಾಣ. ಆದರೆ ಮರದ ವಿಷಯ ಬಂದರೆ ಇಬ್ಬರಿಗೂ ಒಂದು ದಿನವೂ ಹೊಂದಿಕೆಯಾಗಲಿಲ್ಲ.

ಮರ ಬೀಳಿಸಬೇಕು ಅಂದ ಮೇಲೆ ಏಳುವ ಪ್ರಶ್ನೆ ಒಂದೇ: ನಾವೇ ಕಡಿಯುವುದೋ, ಕಡಿಯುವವರನ್ನು ಕರೆಸುವುದೋ? ಕೇಳುವುದಕ್ಕೆ ಸಣ್ಣ ಮಾತು. ನಮ್ಮ ಮನೆಯಲ್ಲಿ ಅದಕ್ಕಾಗಿ ಊಟ ಆರಿ ಹೋಗುತ್ತಿತ್ತು. ನಮ್ಮನೆಯವರು ನಗುವ ಮನುಷ್ಯರಲ್ಲ. ಏನು ಮಾಡಿದರೂ ಪರೀಕ್ಷೆಗೆ ಕೂತವರ ಹಾಗೆ ಮಾಡುವವರು. ಹಾಗಾಗಿ ನಾನೂ ನಗದೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಚನ್ನಗಿರಿ: ನುಗ್ಗೆ

ಚನ್ನಗಿರಿಯ ಮನೆಯ ಹಿತ್ತಲಲ್ಲಿ ಒಂದು ನುಗ್ಗೆ ಮರವಿತ್ತು. ಸೊಪ್ಪಿಗೆ ಸೊಪ್ಪು, ಕಾಯಿಗೆ ಕಾಯಿ, ಹೊಸದಾಗಿ ಸಂಸಾರ ಹೂಡಿದ ನನಗೆ ಅದೊಂದು ದೊಡ್ಡ ಆಸರೆ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಕಾಂಡಕ್ಕೆ ಯಾರೋ ಕರಿ ಕಂಬಳಿ ಸುತ್ತಿದ ಹಾಗಿದೆ. ಹತ್ತಿರ ಹೋದರೆ ಕಂಬಳಿ ಹರಿದಾಡುತ್ತಿದೆ. ಕಂಬಳಿಹುಳ!

ಒಂದು ವಾರದಲ್ಲಿ ಹುಳಗಳು ಮನೆಯೊಳಗೆ ಬಂದವು. ಒಣಗಲು ಹಾಕಿದ ಸೀರೆಯ ಮೇಲೆ, ಹಂಡೆಯ ಮುಚ್ಚಳದ ಮೇಲೆ, ಕಡೆಗೆ ಅತ್ತೆಯ ಸೆರಗಿನ ಒಳಗೆ. ಅತ್ತೆಯ ಕುತ್ತಿಗೆ ದದ್ದು ದದ್ದಾಗಿ ಊದಿಕೊಂಡಿತು. ಅವರು ಮಗನನ್ನು ಕರೆದು ಹೇಳಿದರು.

"ನೋಡಪ್ಪ, ಒಂದೋ ಈ ಮನ್ಯಾಗೆ ಆ ಮರ ಇರಬೇಕು, ಇಲ್ಲಾ ನಾನಿರಬೇಕು."

"ಸಂತೇಬೆನ್ನೂರು ಸಂತೆಗೆ ಮರ ಕಡಿಯೋರು ಬರ್ತಾರಂತೆ, ಯಾರಿಗಾದ್ರೂ ಹೇಳಿ ಕಳಿಸ್ರಿ" ಅಂದೆ ನಾನು.

ಅವರು ನನ್ನ ಮುಖವನ್ನೇ ನೋಡಿದರು. "ನುಗ್ಗೆ ಮರ ಕಡಿಯಾಕೆ ಆಳು ಬೇಕೇನೆ? ಬಾಳೆದಿಂಡಿಗಿಂತ ಒಂದು ಚೂರು ಗಟ್ಟಿ, ಅಷ್ಟೇ. ಶಾಲೇಲಿ ಹುಡುಗರಿಗೆ ಸ್ವಾವಲಂಬನೆ ಅಂತ ಪಾಠ ಮಾಡಿ, ಮನೇಲಿ ಆಳು ಕರೆಸಿದ್ರೆ ನಾಳೆ ಅವರ ಮುಖ ಹೆಂಗೆ ನೋಡ್ಲಿ?"

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಕೊಡಲಿ ತಂದರು. ಅಂಗಿ ಕೊಳೆಯಾಗುತ್ತದೆ ಅಂತ ಅಂಗಿ ಬಿಚ್ಚಿದರು. ಬನಿಯನ್ನು ಹರಿಯುತ್ತದೆ ಅಂತ ಬನಿಯನ್ನೂ ಬಿಚ್ಚಿದರು. ಪಂಚೆ ಎತ್ತಿ ಕಟ್ಟಿ, ಮರದ ಬುಡದಲ್ಲಿ ನಿಂತು, ಉಸಿರು ಬಿಗಿಹಿಡಿದು ಬೀಸಿದರು.

ಮೊದಲನೇ ಏಟು ಬಿತ್ತು. ಮರ ಬೀಳಲಿಲ್ಲ. ಮರದ ಮೇಲಿದ್ದದ್ದೆಲ್ಲ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಕೊಡಲಿ ಎಸೆದು ಓಡುತ್ತಿದ್ದರು. ಇವರು ಓಡಲಿಲ್ಲ. ಹಿಡಿದ ಕೆಲಸ ಬಿಡುವವರಲ್ಲ. ತಲೆಯ ಮೇಲೆ, ಭುಜದ ಮೇಲೆ, ಬೆನ್ನಿನ ಮೇಲೆ ಹುಳಗಳನ್ನು ಹೊತ್ತುಕೊಂಡೇ ಮರ ಮಲಗುವ ತನಕ ಕಡಿದರು. ಆಮೇಲೆ ಕೊಡಲಿಯನ್ನು ಗೋಡೆಗೆ ಒರಗಿಸಿ, ಒಳಗೆ ಬಂದು, "ಅವ್ವ, ಆಯ್ತು" ಅಂದರು. ಅಷ್ಟರಲ್ಲಿ ತುಟಿ ಊದಿ ಮಾತು ನಿಂತುಹೋಯಿತು.

ಅತ್ತೆ ಒರಟು ಕಂಬಳಿ ತಂದು ಮೈ ಉಜ್ಜಿ ಮುಳ್ಳು ತೆಗೆದರು. ಆಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ನೆತ್ತಿಯಿಂದ ಅಂಗಾಲಿನ ತನಕ ಬಳಿದರು. ಮೈಮೇಲೆ ಬಟ್ಟೆ ತಾಗಿದರೆ ಉರಿ, ಹಾಗಾಗಿ ಒಂದು ತುಂಡು ಪಂಚೆ ಮಾತ್ರ. ನಡುಮನೆಯಲ್ಲಿ ಮಣೆ ಹಾಕಿಕೊಂಡು, ಕಣ್ಣು ಮುಚ್ಚಿ, ನೋವು ನುಂಗಿಕೊಂಡು ಕೂತರು.

ಆ ಹೊತ್ತಿಗೆ ಸರಿಯಾಗಿ ದಿನಸಿ ಅಂಗಡಿಯ ಯಜಮಾನರು ಬಂದರು. ಅವರ ಮಗ ಇವರ ಕ್ಲಾಸಿನಲ್ಲಿದ್ದ. ಎಷ್ಟು ವರ್ಷವಾದರೂ ಆ ಕ್ಲಾಸಿನಿಂದ ಮೇಲೆ ಹೋಗಿರಲಿಲ್ಲ. ಬಾಗಿಲಲ್ಲಿ ಕಾಲಿಟ್ಟವರು ಹಾಗೇ ನಿಂತರು. ಮೆಲ್ಲಗೆ ತಲೆಯ ರುಮಾಲು ತೆಗೆದರು. ನನ್ನ ಕಡೆ ತಿರುಗಿ ಪಿಸುಗುಟ್ಟಿದರು.

"ಇದು ಯಾವಾಗ ಆತು ತಾಯಿ?"

"ಬೆಳಿಗ್ಗೆ" ಅಂದೆ. ನನಗೆ ಅಳು ಬರುವ ಹಾಗಿತ್ತು.

"ಧೈರ್ಯ ತಗೊಳ್ರಿ ತಾಯಿ. ಎಲ್ಲರಿಗೂ ಬರೋದಲ್ಲ ಇದು. ಪುಣ್ಯವಂತರಿಗೆ ಮಾತ್ರ ಈ ವಯಸ್ಸಿಗೆ ಸಂಸಾರ ಸಾಕು ಅನ್ನಿಸ್ತೈತೆ."

ನಾನು ಬಾಯಿ ಬಿಡುವಷ್ಟರಲ್ಲಿ ಅವರು ನೆಲಕ್ಕೆ ಉದ್ದುದ್ದ ಬಿದ್ದು ನಮಸ್ಕಾರ ಮಾಡಿ ಎದ್ದಿದ್ದರು. ತಂದಿದ್ದ ಬಾಳೆಹಣ್ಣನ್ನು ಬೂದಿ ಬಳಿದ ಪಾದಗಳ ಮುಂದಿಟ್ಟು, ಕೈ ಮುಗಿದು ಬೇಡಿಕೊಂಡರು.

"ಸ್ವಾಮಿಗಳೇ, ಎಲ್ಲಾ ಬಿಟ್ಟು ಹೊಂಟೀರಿ, ತಡೆಯಾಕೆ ನಾನ್ಯಾರು? ಹೋಗೋಕೆ ಮುಂಚೆ ನಮ್ಮ ಹುಡುಗನ್ನ ಒಂದು ಸಲ ಪಾಸು ಮಾಡಿ ಹೋಗ್ರಿ."

ಹೊನ್ನಾಳಿ: ಹುಣಸೆ

ಹೊನ್ನಾಳಿಯಲ್ಲಿ ನಮ್ಮ ಮನೆ ಹೊಳೆಗೆ ಹತ್ತಿರ. ಹಿತ್ತಲಲ್ಲಿ ಒಂದು ಹಳೇ ಹುಣಸೆ ಮರ. ಅದರ ಬೇರು ಬಚ್ಚಲುಮನೆಯ ಗೋಡೆಯನ್ನು ಎತ್ತಿ ಸೀಳಿತ್ತು. ಸ್ನಾನಕ್ಕೆ ಕೂತರೆ ಬಿರುಕಿನೊಳಗಿಂದ ಪಕ್ಕದ ಮನೆಯ ಎಮ್ಮೆ ನೋಡುತ್ತಿತ್ತು. ಮನೆಯ ಮಾಲೀಕರಿಗೆ ಹೇಳಿದ್ದಕ್ಕೆ, "ಕಡಿಸ್ಕೊಳ್ರಿ ಮೇಷ್ಟ್ರೇ, ಸೌದೆ ನಿಮಗೇ ಇರಲಿ" ಅಂದರು.

ಹುಣಸೆ ಮರದ ಗಾತ್ರ ನೋಡಿ ನಮ್ಮನೆಯವರು ತಾವಾಗಿಯೇ, "ಇದು ಕಸುಬುದಾರರ ಕೆಲಸ" ಅಂದರು. ನನಗೆ ಸಮಾಧಾನವಾಯಿತು. ಮರುದಿನವೇ ಒಬ್ಬ ಮರ ಕಡಿಯುವವನು ಬಂದ. ಎತ್ತರದ ಆಳು, ಬಿಳಿ ಮೀಸೆ, ಹೆಗಲ ಮೇಲೆ ಕೊಡಲಿ. ಮಾತು ಕಡಿಮೆ. ಮರವನ್ನು ಸುತ್ತು ಹಾಕಿ, ಕಾಂಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು ಹೇಳಿದ.

"ಜೀವ ಇರೋ ಮರ ಸ್ವಾಮಿ. ಕೇಳಿ ಕಡೀಬೇಕು. ಇವತ್ತು ಕೇಳಿ ಹೋಗ್ತೀನಿ, ನಾಳೆ ಏನಂತೈತೋ ನೋಡೋಣ."

ಮರುದಿನ ಬಂದು ಕಾಂಡಕ್ಕೆ ಕಿವಿ ಕೊಟ್ಟು ನಿಂತ. ಬಹಳ ಹೊತ್ತು ನಿಂತ. ನಾವೂ ಉಸಿರು ಬಿಗಿಹಿಡಿದು ನಿಂತೆವು.

"ಈಗ ಬ್ಯಾಡ ಅಂತೈತೆ ಸ್ವಾಮಿ."

"ಯಾರು?" ಅಂದರು ನಮ್ಮನೆಯವರು.

"ಮರ."

"ಯಾಕಂತೆ?"

"ಕಾಯಿ ಬಲೀಬೇಕಂತೆ."

ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಆದರೂ ಆ ಮನುಷ್ಯನ ಗಾಂಭೀರ್ಯದ ಎದುರು ಅವರಿಗೆ ವಾದ ಮಾಡಲು ಆಗಲಿಲ್ಲ. ಕಾಯಿ ಬಲಿಯಿತು. ಬಡಿದು, ಕುಟ್ಟಿ, ಗಡಿಗೆಗೆ ತುಂಬಿದ್ದಾಯಿತು. ಆಮೇಲೆ ಬಂದು ಕಿವಿ ಕೊಟ್ಟಾಗ, "ಹಕ್ಕಿ ಗೂಡು ಕಟ್ಟಿದಾವಂತೆ, ಮರಿ ಹಾರ್ಲಿ ಅಂತೈತೆ" ಅಂದ. ಮರಿ ಹಾರಿದವು. "ಆಷಾಢದಾಗೆ ಬ್ಯಾಡಂತೆ" ಅಂದ. ಪ್ರತಿ ಸಲ ಬಂದಾಗಲೂ ಅತ್ತೆ ಅವನನ್ನು ಹಿತ್ತಲಲ್ಲಿ ಕೂರಿಸಿ ರೊಟ್ಟಿ, ಚಟ್ನಿ, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ನಮ್ಮತ್ತೆ ಎಂಥ ಕರುಣಾಮಯಿ ಅಂದುಕೊಂಡೆ.

ಒಂದು ದಿನ ನಮ್ಮನೆಯವರಿಗೆ ತಡೆಯಲಾಗಲಿಲ್ಲ. ಶಾಲೆಗೆ ಹೊರಟವರು, ಕೋಟು ಪೇಟ ಎಲ್ಲ ಹಾಕಿಕೊಂಡೇ ಹಿತ್ತಲಿಗೆ ಹೋಗಿ, ಆ ಕಡೆ ಈ ಕಡೆ ನೋಡಿ, ಮರಕ್ಕೆ ಕಿವಿ ಕೊಟ್ಟು ನಿಂತರು. ಸಪ್ಪೆ ಮುಖ ಹಾಕಿಕೊಂಡು ಬಂದರು.

"ಏನಂತು?" ಅಂದೆ.

"ಏನೂ ಅನ್ಲಿಲ್ಲ. ನಮ್ಮ ಕ್ಲಾಸಿನ ಹುಡುಗರ ಹಂಗೆ ಸುಮ್ನೆ ನಿಂತೈತೆ."

ಅದಾದ ಮೇಲೆ ಒಂದು ಮಧ್ಯಾಹ್ನ ನೀರು ತರಲು ಹಿತ್ತಲಿಗೆ ಹೋದವಳು ಬಾಗಿಲ ಹಿಂದೆಯೇ ನಿಂತುಬಿಟ್ಟೆ. ಮರದ ಬುಡದಲ್ಲಿ ಅತ್ತೆ, ಮರ ಕಡಿಯುವವನು ಇಬ್ಬರೂ ಕೂತಿದ್ದರು.

"ಈ ಸಲ ಏನು ಹೇಳ್ತೀಯಪ್ಪ?" ಅತ್ತೆ ಕೇಳಿದರು.

"ನೀವೇ ಏನಾದ್ರೂ ಹೇಳ್ಕೊಡ್ರವ್ವ. ಕಾಯಿ ಆತು, ಹಕ್ಕಿ ಆತು, ಆಷಾಢ ಆತು. ನನ್ನ ಹತ್ರ ನೆಪ ಮುಗಿದಾವೆ."

ಅತ್ತೆ ತಲೆಯೆತ್ತಿ ಮರವನ್ನು ನೋಡಿದರು. "ಕತ್ತಲಗೆರೆಯಾಗೆ ನಮ್ಮ ತವರುಮನೆ ಹಿಂದೆ ಇಂಥದ್ದೇ ಒಂದಿತ್ತು. ಅದರ ಬುಡದಾಗೇ ನಮ್ಮವ್ವ ನನಗೆ ತಲೆ ಬಾಚೋಳು. ಇಲ್ಲಿಗೆ ಬಂದ ಮ್ಯಾಲೆ ಒಂದಿಷ್ಟು ಹೊತ್ತು ಇಲ್ಲಿ ಕೂತ್ರೆ ಯಾಕೋ ಜೀವಕ್ಕೆ ತಂಪು ಅನ್ನಿಸ್ತೈತೆ. ಮಗನಿಗೆ ಇದನ್ನ ಹೇಳಾಕೆ ನಾಚಿಕೆ."

ನಾನು ಸದ್ದಿಲ್ಲದೆ ಬರಿಗೊಡ ಹಿಡಿದುಕೊಂಡು ವಾಪಸು ಬಂದೆ. ಯಾರಿಗೂ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆ ಮನುಷ್ಯ ಮತ್ತೆ ಕಿವಿ ಕೊಟ್ಟ. ಅಷ್ಟು ಹೊತ್ತು ಅವನು ಹಿಂದೆಂದೂ ನಿಂತಿರಲಿಲ್ಲ. ಕಡೆಗೆ ತಿರುಗಿ, "ಸ್ವಾಮಿ, ಮರ ಮಾತಾಡ್ತು" ಅಂದ. "ತನ್ನನ್ನ ಕಡಿಯೋದು ಬ್ಯಾಡಂತೆ. ಬಚ್ಚಲುಮನೇನ ಆ ಮೂಲೆಗೆ ಕಟ್ಟಿಸಿದ್ರೆ ಯಾರಿಗೂ ತೊಂದರೆ ಇಲ್ಲಂತೆ."

ನಮ್ಮನೆಯವರು ಮೂಲೆಯನ್ನು ನೋಡಿದರು. ಮರವನ್ನು ನೋಡಿದರು. ಮಾತು ಸರಿಯಾಗಿಯೇ ಇತ್ತು. ತಮಗೇ ಹೊಳೆಯಬೇಕಾಗಿದ್ದದ್ದು ಮರಕ್ಕೆ ಹೊಳೆಯಿತಲ್ಲ ಅಂತ ಅವರ ಮುಖ ಒಂದಿಷ್ಟು ಕಂದಿತು.

"ಆಗಲಿ, ಅದಕ್ಕೆ ಗೋಡೆ ಕಟ್ಟೋರನ್ನ ಹುಡುಕ್ಬೇಕು" ಅಂದರು.

"ಅದನ್ನೂ ಹೇಳೈತೆ ಸ್ವಾಮಿ" ಅಂದ ಅವನು, ಕೈ ಮುಗಿದುಕೊಂಡೇ. "ನನ್ನ ಹೆಂಡ್ತಿ ತಮ್ಮ ಅದಾನಲ್ಲ, ಅವನಿಂದ ಕಟ್ಟಿಸಿದ್ರೆ ಒಳ್ಳೇದಂತೆ."

ನ್ಯಾಮತಿ: ಗಂಧ

ನ್ಯಾಮತಿಯಲ್ಲಿ ಹಾಲು ಉಕ್ಕಿಸುವುದಕ್ಕೂ ಮೊದಲೇ ಕಾಡಿನ ಇಲಾಖೆಯ ಗಾರ್ಡು ಬಂದ. ಹಿತ್ತಲ ಮೂಲೆಯಲ್ಲಿದ್ದ ಒಂದು ಬಡಕಲು ಮರ ತೋರಿಸಿ, "ಇದು ಯಾರದು?" ಅಂದ.

"ಮನೆ ಮಾಲೀಕರದು" ಅಂದರು ನಮ್ಮನೆಯವರು.

"ಅಲ್ಲ. ಮಹಾರಾಜರದು. ಶ್ರೀಗಂಧ."

ನಮ್ಮನೆಯವರು ತಮಗೆ ಗೊತ್ತಿಲ್ಲದೆಯೇ ನೆಟ್ಟಗೆ ನಿಂತರು.

ನಾವೂ ಕಡಿಯುವ ಹಾಗಿಲ್ಲ, ಕೂಲಿಯವರೂ ಕಡಿಯುವ ಹಾಗಿಲ್ಲ. ಕಳ್ಳರು ಕಡಿದರೆ ಅದಕ್ಕೆ ನಾವೇ ಜವಾಬ್ದಾರರು. ಒಂದು ಗಾಳಿಮಳೆಗೆ ಅದರ ದೊಡ್ಡ ಕೊಂಬೆ ಮುರಿದು ಅಡಿಗೆಮನೆಯ ಹಿಂಬಾಗಿಲಿಗೆ ಅಡ್ಡ ಬಿತ್ತು. ಸಾಹೇಬರು ಬಂದು ನೋಡುವ ತನಕ ಮುಟ್ಟಬೇಡಿ ಅಂದ ಗಾರ್ಡು. ಸಾಹೇಬರು ಬರಲಿಲ್ಲ. ನೀರು ತರಬೇಕಾದರೆ ಮುಂಬಾಗಿಲಿನಿಂದ ಹೊರಟು ಮನೆ ಸುತ್ತಿ ಬರಬೇಕು. ದೇವರಿಗೆ ಹಚ್ಚಲು ಒಂದು ಚೂರು ಚಕ್ಕೆ ತೆಗೆದುಕೊಳ್ಳುತ್ತೇನೆ ಅಂತ ಅತ್ತೆ ಹೊರಟರೆ, ಮಗ ಬಾಗಿಲಿಗೆ ಅಡ್ಡ ನಿಂತು, "ಅವ್ವ, ಜೈಲಿಗೆ ಹಾಕ್ತಾರೆ" ಅನ್ನುತ್ತಿದ್ದರು. ಮನೆಬಾಗಿಲಲ್ಲಿ ಗಂಧದ ಕೊಂಬೆ ಬಿದ್ದಿದ್ದರೂ ನಾನು ಅಂಗಡಿಯಿಂದ ಗಂಧ ತರಿಸಿ ಪೂಜೆ ಮಾಡಿದೆ.

ಗಾರ್ಡು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಕೆಟ್ಟವನಲ್ಲ. ಮರಕ್ಕೇನಾದರೂ ಆದರೆ ಅವನ ನೌಕರಿಗೇ ಸಂಚಕಾರ, ಪಾಪ.

ಆ ವರ್ಷ ನಮ್ಮನೆಯವರಿಗೆ ಮಲೇರಿಯಾ ಬಂತು. ಆಗ ಅದು ಬಂದರೆ ಹೋದವರೇ ಹೆಚ್ಚು. ಎರಡು ಕಂಬಳಿ ಹೊದ್ದರೂ ಮಂಚ ಅದುರುವ ಹಾಗೆ ನಡುಗುತ್ತಿದ್ದರು. ಗಂಜಿ ಬಾಯಿಗಿಟ್ಟರೆ ಹೊರಗೆ. ಅತ್ತೆ ದೇವರ ಮುಂದೆ ಕೂತವರು ಏಳುತ್ತಿರಲಿಲ್ಲ. ನನಗೆ ದಿಕ್ಕೇ ತೋಚದೆ ಬಾಗಿಲಲ್ಲಿ ನಿಂತಿದ್ದಾಗ ಗಾರ್ಡು ಬಂದ.

"ಏನು ತಾಯಿ, ಮುಖ ಹಿಂಗಾಗೈತೆ? ಎಲ್ಲಾ ಕ್ಷೇಮ ತಾನೆ?"

ಕೇಳಿದವನು ಅವನೊಬ್ಬನೇ. ನನ್ನ ಕಟ್ಟೆ ಒಡೆಯಿತು. "ಎಲ್ಲಿ ಕ್ಷೇಮ ಅಣ್ಣಾ? ದಿನದಿನಕ್ಕೂ ಒಣಗಿ ಕಡ್ಡಿ ಆಗ್ತೈತೆ ಜೀವ. ನೀರು ಹಾಕಿದ್ರೂ ಒಳಗೆ ನಿಲ್ತಿಲ್ಲ. ಉಳಿಯೋದೇ ಕಷ್ಟ ಅನ್ನಿಸ್ತೈತೆ" ಅಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅವನ ಮುಖ ಬಿಳಿಚಿಕೊಂಡಿತು. ಮನೆ ಬಳಸಿ ಹಿತ್ತಲಿಗೆ ಓಡಿದ. ನಾನು ಬೆರಗಾಗಿ ಹಿಂದೆಯೇ ಹೋದೆ. ಮರದ ಕಾಂಡ ಸವರಿ, ಎಲೆ ಕಿತ್ತು ಮೂಸಿ, ಬುಡದ ಮಣ್ಣು ಕೆದರಿ ನೋಡಿ, ಹಣೆಯ ಬೆವರು ಒರೆಸಿಕೊಂಡು ಹೇಳಿದ.

"ಏನೂ ಆಗಿಲ್ಲ ತಾಯಿ, ಗಟ್ಟಿಮುಟ್ಟಾಗೈತೆ! ನಿಮ್ಮ ಮಾತು ಕೇಳಿ ನನ್ನ ಜೀವಾನೇ ಹೋಗಿತ್ತು."

ಜಗಳೂರು: ಬೇವು

ಜಗಳೂರಿಗೆ ಬರುವ ಹೊತ್ತಿಗೆ ಅತ್ತೆಗೆ ವಯಸ್ಸಾಗಿತ್ತು. ಬಂದ ವರ್ಷವೇ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅವರು ಮಲಗುವ ಮುಂಗೋಣೆಯ ಎದುರಿಗೇ ಅಂಗಳದಲ್ಲಿ ಒಂದು ದೊಡ್ಡ ಬೇವಿನ ಮರ. ಅದು ಬೆಂಕಿಯಂಥ ಬಿಸಿಲಿನ ಊರು. ಇಡೀ ಬೀದಿಯ ಜನ ಬೇಸಿಗೆಯಲ್ಲಿ ಆ ನೆರಳಿಗೆ ಬಂದು ಕೂರುತ್ತಿದ್ದರು.

ಮೊದಲ ಮಳೆಯ ಬಿರುಗಾಳಿಗೆ ಆ ಮರ ನಮ್ಮ ಮನೆಯ ಕಡೆ ವಾಲಿತು. ಒಂದು ಕಡೆ ಬೇರು ಮೇಲೆದ್ದು ನೆಲ ಬಾಯಿ ಬಿಟ್ಟಿತು. ಇನ್ನೊಂದು ಅಂಥ ಗಾಳಿ ಬಂದರೆ ಮರ ಬೀಳುವುದು ಅತ್ತೆಯ ಕೋಣೆಯ ಮೇಲೆ. ನಮ್ಮನೆಯವರಿಗೆ ಊಟ ನಿದ್ದೆ ಎರಡೂ ಬಿಟ್ಟುಹೋದವು. ಒಂದು ಬೆಳಿಗ್ಗೆ ನೋಡಿದರೆ ಎಲ್ಲಿಂದಲೋ ಕೊಡಲಿ ತಂದು ಅಂಗಳದಲ್ಲಿ ನಿಂತಿದ್ದಾರೆ.

ಮದುವೆಯಾದಾಗಿನಿಂದ ನಾನು ಅವರಿಗೆ ಎದುರು ಮಾತಾಡಿದವಳಲ್ಲ. ಆವತ್ತು ಹೋಗಿ ಕೊಡಲಿಯ ಕಾವು ಹಿಡಿದುಕೊಂಡೆ.

"ರೀ, ಒಳಗೆ ಅತ್ತೆ ಇದಾರೆ. ಈ ಮರಾನ ನೀವು ಮುಟ್ಟಬಾರದು. ಮುಟ್ಟಿದ್ರೆ ನನ್ನಾಣೆ."

ಅವರು ನನ್ನನ್ನು ನೋಡಿದರು. ಕೊಡಲಿ ಬಿಟ್ಟರು.

ಬಿಳಿಚೋಡಿನ ಕಡೆಯಿಂದ ಮರ ಕಡಿಯುವ ಅಣ್ಣತಮ್ಮಂದಿರನ್ನು ಕರೆಸಿದೆವು. ಉದ್ದನೆಯ ಗರಗಸ ಅವರದು, ಆ ತುದಿ ಒಬ್ಬ ಈ ತುದಿ ಒಬ್ಬ ಹಿಡಿದು ಎಳೆಯುವಂಥದ್ದು. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ ಅಂತ ಎಲ್ಲರೂ ಹೇಳಿದ್ದರು. ಅವರಿಬ್ಬರಿಗೂ ಮಾತುಕತೆ ಇಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಹೊಲದ ಬದುವಿಗಾಗಿ ಜಗಳವಾಡಿ ಎಷ್ಟೋ ವರ್ಷದಿಂದ ಮಾತು ಬಿಟ್ಟವರು. ಗರಗಸ ಒಂದೇ ಇದ್ದದ್ದರಿಂದ ಕೆಲಸ ಮಾತ್ರ ಒಟ್ಟಿಗೆ.

ಅಣ್ಣ ಮರ ನೋಡಿ, "ಮೂಡಲಕ್ಕೆ ಬೀಳಿಸಬೇಕು ಅಂತ ಅವನಿಗೆ ಹೇಳ್ರಿ ಮೇಷ್ಟ್ರೇ" ಅಂದ.

ತಮ್ಮ ಅಲ್ಲೇ ಪಕ್ಕದಲ್ಲಿ ನಿಂತಿದ್ದ. "ಪಡುವಲಕ್ಕೇ ಬೀಳೋದು ಅಂತ ನೀವೂ ಅವನಿಗೆ ಹೇಳ್ರಿ" ಅಂದ.

ನಮ್ಮನೆಯವರು ಅತ್ತ ತಿರುಗಿ ಒಂದು ಮಾತು, ಇತ್ತ ತಿರುಗಿ ಒಂದು ಮಾತು ಹೇಳುತ್ತಾ ನಿಂತರು. ಮೂಡಲಕ್ಕೋ ಪಡುವಲಕ್ಕೋ, ಅಂತೂ ಬೀದಿಯ ಉದ್ದಕ್ಕೇ ಬೀಳಬೇಕು. ಮನೆಯ ಕಡೆ ಬೀಳದ ಹಾಗೆ ಹಗ್ಗ ಕಟ್ಟಿ ಬೀದಿಯ ಗಂಡಸರೆಲ್ಲ ಎಳೆದು ಹಿಡಿಯಬೇಕು. ಅಷ್ಟು ತೀರ್ಮಾನವಾಯಿತು.

ಉಳಿದದ್ದು ಅತ್ತೆಯನ್ನು ಎಲ್ಲಿ ಇರಿಸುವುದು ಅನ್ನುವುದು. ಅದನ್ನು ನಮ್ಮನೆಯವರು ಬೇರೆ ಯಾರಿಗೂ ಬಿಡಲಿಲ್ಲ. ಎರಡು ದಿನ ಅದೇ ಕೆಲಸ. ಮರದ ನೆರಳು ಅಳೆದರು, ಬೀದಿಯ ಅಗಲ ಅಳೆದರು, ನೆಲದ ಮೇಲೆ ಕಡ್ಡಿಯಿಂದ ತ್ರಿಕೋನ ಬರೆದು ಅಳಿಸಿ ಬರೆದರು. ಕಡೆಗೆ ಎದುರು ಮನೆಯ ಜಗುಲಿಯೇ ಸರಿ ಅಂತ ನಿರ್ಧಾರವಾಯಿತು. ಆ ಮನೆಯ ಅಜ್ಜಿ, "ಕರ್ಕೊಂಬರ್ರಪ್ಪ, ನನಗೂ ಜೊತೆಯಾಗ್ತೈತೆ" ಅಂದರು. ಅತ್ತೆಯ ಜೊತೆಗೆ ನಮ್ಮ ಹಂಡೆ, ತಪ್ಪಲೆ, ಅಕ್ಕಿ ಡಬ್ಬ, ಅವರ ಪುಸ್ತಕದ ಪೆಟ್ಟಿಗೆ ಎಲ್ಲವೂ ಆ ಜಗುಲಿಗೆ ಹೋದವು.

ನಾಲ್ಕು ಜನ ಮಂಚ ಹೊತ್ತು ಅತ್ತೆಯನ್ನು ಜಗುಲಿಯ ಮೇಲಿಟ್ಟರು. ಅತ್ತೆ ಮಲಗಿದಲ್ಲಿಂದಲೇ ಮರವನ್ನು ನೋಡಿದರು, ಮಗನನ್ನು ನೋಡಿದರು.

"ನನ್ನ ವಾಪಸು ಮನೆಯೊಳಗೆ ಕರ್ಕೊಂಡು ಹೋಗ್ರಿ" ಅಂದರು.

"ಅವ್ವ! ಮರ ಮನೆ ಮೇಲೆ ವಾಲೈತೆ!"

"ವಾಲ್ಲಿ."

"ಇಲ್ಲಿ ಭದ್ರ ಐತೆ ಅವ್ವ. ಎರಡು ದಿನ ಕೂತು ಲೆಕ್ಕ ಹಾಕಿದೀನಿ. ಈ ಊರಾಗೆ ಇದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ."

ಅತ್ತೆಯ ಮುಖದಲ್ಲಿ ನಿಜವಾದ ಭಯ ಕಾಣಿಸಿತು. "ಕೈ ಮುಗೀತೀನಿ, ಒಳಗೆ ಕರ್ಕೊಂಡು ಹೋಗ್ರಪ್ಪ" ಅಂತ ಮಂಚ ಹೊತ್ತವರನ್ನೇ ಬೇಡಿಕೊಂಡರು. ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಮುದುಕಿ ಅಳುವುದನ್ನು ನೋಡಲಾರದೆ ಜನ ಮಂಚ ಎತ್ತಿದರು. ಅಷ್ಟಾದರೂ ಇರಲಿ ಅಂತ ಮುಂಗೋಣೆ ಬಿಟ್ಟು, ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ ಮಂಚ ಇಳಿಸಿದೆವು. ಎದುರು ಮನೆಯ ಅಜ್ಜಿಯೂ ಅತ್ತೆಗೆ ಸಮಾಧಾನ ಹೇಳಲು ಹಿಂದೆಯೇ ಬಂದರು. ನಾನು ಅತ್ತೆಯ ಕೈ ಹಿಡಿದು ಕೂತೆ.

ಹಾಗಾಗಿ ಆಮೇಲಿನದನ್ನು ನಾನು ಕಣ್ಣಿಂದ ನೋಡಲಿಲ್ಲ, ಕಿವಿಯಿಂದ ಕೇಳಿದೆ. ಮೊದಲು ಗರಗಸದ ಸದ್ದು. ಅದರ ಮೇಲೆ ನಮ್ಮನೆಯವರ ದನಿ.

"ನಿಧಾನಕ್ಕೆ ಎಳೀಬೇಕಂತಪ್ಪ, ನಿಮ್ಮಣ್ಣ ಹೇಳ್ತಾನೆ!"

"ತನಗೆ ಗೊತ್ತೈತಂತೆ, ನಿಮ್ಮ ತಮ್ಮ ಹೇಳ್ತಾನೆ!"

ಗರಗಸ ನಿಂತಿತು. ಮರ ಚಟಚಟ ಅನ್ನಲು ಶುರುವಾಯಿತು. ಹಗ್ಗ ಹಿಡಿದವರ ಗದ್ದಲ ಎದ್ದಿತು. ಅಣ್ಣ "ಬಿಡ್ರಿ" ಅಂದನಂತೆ, ತಮ್ಮ "ಬಿಡಬ್ಯಾಡ್ರಿ" ಅಂದನಂತೆ. ಎರಡನ್ನೂ ಒಂದೇ ಉಸಿರಿಗೆ ಕೂಗಿ ಹೇಳ ಹೋಗಿ ನಮ್ಮನೆಯವರ ಬಾಯಿಂದ ಬಂದದ್ದು, "ಬಿಡ್ರಿ, ಬಿಡಬ್ಯಾಡ್ರಿ!" ಅರ್ಧ ಜನ ಬಿಟ್ಟರು. ಅರ್ಧ ಜನ ಪ್ರಾಣ ಹೋಗುವ ಹಾಗೆ ಜಗ್ಗಿದರು.

ನೆಲ ಅದುರಿತು. ಗಡಿಗೆಯಲ್ಲಿದ್ದ ನೀರು ತುಳುಕಿತು.

ಅದರ ಹಿಂದೆಯೇ ಒಂದು ಕೂಗು ಕೇಳಿತು. "ಅವ್ವಾ!"

ನಾನು ಹೊರಗೆ ಓಡಿದೆ. ಮರ ಮೂಡಲಕ್ಕೂ ಬಿದ್ದಿರಲಿಲ್ಲ, ಪಡುವಲಕ್ಕೂ ಬಿದ್ದಿರಲಿಲ್ಲ. ವಾಲಿದ್ದ ಕಡೆಯಿಂದ ಎದ್ದು, ತಿರುಗಿ, ಬೀದಿ ದಾಟಿ ಸೀದಾ ಎದುರು ಮನೆಯ ಜಗುಲಿಯ ಮೇಲೆ ಮಲಗಿತ್ತು. ಕಂಬ ಮುರಿದು ಹೆಂಚು ಜರಿದಿದ್ದವು. ಮಂಚ ಇಟ್ಟಿದ್ದ ಜಾಗದಲ್ಲಿ ನನ್ನ ತೊಡೆಗಿಂತ ದಪ್ಪದ ಕೊಂಬೆ. ಹಂಡೆ ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ನಮ್ಮನೆಯವರು ಆ ಸೊಪ್ಪಿನೊಳಗೆ ನುಗ್ಗಿ ಎರಡೂ ಕೈಯಿಂದ ಕೊಂಬೆ ಸೀಳುತ್ತಾ, "ಅವ್ವಾ, ಅವ್ವಾ" ಅಂತ ಹುಡುಕುತ್ತಿದ್ದರು. ತಾಯಿಯನ್ನು ಒಳಗೆ ಕಳಿಸಿದ್ದು ಆ ಮನುಷ್ಯನಿಗೆ ಪೂರ್ತಿ ಮರೆತುಹೋಗಿತ್ತು. ಕೈಯೆಲ್ಲ ರಕ್ತ.

"ರೀ, ಅತ್ತೆ ಮನೆಯೊಳಗಿದಾರೆ!" ನಾನು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಕೇಳಿಸಲಿಲ್ಲ.

ಅಣ್ಣ ತಮ್ಮನ ಕಡೆ ತಿರುಗಿ, "ಆ ಕಡೆ ತೋಳು ಹಿಡಿಯೋ, ಹೊರಗೆ ತರೋಣ" ಅಂದ. ತಮ್ಮ "ಆತಣ್ಣ" ಅಂದ. ಅಷ್ಟು ವರ್ಷದ ಮೇಲೆ ಅವರು ಆಡಿಕೊಂಡ ಮೊದಲ ಮಾತು ಅದು. ಇಬ್ಬರೂ ಅವರನ್ನು ಎತ್ತಿಕೊಂಡೇ ಹಿಂದಿನ ಕೋಣೆಗೆ ಕರೆತಂದರು.

ಮಂಚದ ಮೇಲೆ ತಾಯಿ ಇದ್ದ ಹಾಗೇ ಇದ್ದರು. ನಮ್ಮನೆಯವರು ನೋಡಿದರು, ನೋಡಿದರು, ಆಮೇಲೆ ಅವರ ಕಾಲಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿಲ ತುಂಬ ಬೀದಿಯ ಜನ ನಿಂತಿದ್ದರು. ಜಗುಲಿ ಕಳೆದುಕೊಂಡ ಅಜ್ಜಿಯೇ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಪ್ಪ, ಅದೇ ಮರದ ಕಂಬ ಹಾಕಿ ಕಟ್ಟಿಸಿಕೊಡು" ಅಂದರು. ನಾವು ಹಾಗೇ ಕಟ್ಟಿಸಿಕೊಟ್ಟೆವು.

ಎಷ್ಟೋ ಹೊತ್ತಿನ ಮೇಲೆ ನಮ್ಮನೆಯವರು ತಲೆಯೆತ್ತಿದರು.

"ಅವ್ವ, ಮರ ಅಲ್ಲಿಗೇ ಬೀಳ್ತೈತೆ ಅಂತ ನಿನಗೆ ಹೆಂಗೆ ಗೊತ್ತಾತು? ಕನಸು ಬಿದ್ದಿತ್ತಾ? ದೇವರೇನಾದ್ರೂ ಹೇಳಿದ್ನಾ?"

ಅತ್ತೆ ಅವರ ಕೂದಲಲ್ಲಿ ಸಿಕ್ಕಿಕೊಂಡಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸುತ್ತಾ, ಬಹಳ ಮೆತ್ತಗೆ ಹೇಳಿದರು.

"ಕನಸೂ ಇಲ್ಲ, ದೇವರೂ ಇಲ್ಲಪ್ಪ. ನೀನು ಎರಡು ದಿನ ಕೂತು ಲೆಕ್ಕ ಹಾಕಿ, ಊರಾಗೆ ಇದಕ್ಕಿಂತ ಭದ್ರವಾದ ಜಾಗ ಇಲ್ಲ ಅಂದೆಯಲ್ಲ, ಆವಾಗ್ಲೇ ನನಗೆ ಎದೆ ಧಸಕ್ ಅಂತು."